ಶ್ಯಾಮಲಮ್ಮ ಹುಳ ಆರಿಸಿದ ದಿನ

ಶಿಡ್ಲಘಟ್ಟದ ಆಚೆ ನಮ್ಮೂರಿನಲ್ಲಿ ಶ್ಯಾಮಲಮ್ಮ ಹದಿನಾಲ್ಕು ವರ್ಷದಿಂದ ಆಶಾ ಕಾರ್ಯಕರ್ತೆ. ಬೆಳಗ್ಗೆ ದೇವರಿಗೆ ದೀಪ ಹಚ್ಚುವ ಮೊದಲು ಫೋನನ್ನು ಚಾರ್ಜಿಗೆ ಹಾಕುತ್ತಾಳೆ. "ಒಂದಿನ ದೀಪ ತಡವಾದ್ರೆ ದೇವರು ನೋಟಿಸ್ ಕೊಡಲ್ಲ ಕಣಮ್ಮ, ಫೋನ್ ಆಫಾದ್ರೆ ಮೇಡಂ ಕೊಡ್ತಾರೆ" ಅನ್ನುತ್ತಾಳೆ. ಪಕ್ಕದ ಮನೆಯ ನಾನು ಕೆನ್ನೆ ಬಡಿದುಕೊಳ್ಳುತ್ತೇನೆ. ನಗುವೂ ಬರುತ್ತದೆ.

ಹೋದ ತಿಂಗಳು ಒಂಬತ್ತನೇ ತಾರೀಕು, ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆಯ ದಿನ, ಕದಿರಮ್ಮನ ಮನೆಗೆ ಹೋದಳು. ಕದಿರಮ್ಮನ ಸೊಸೆ ಮೌನಿಕಾಗೆ ಎಂಟು ತಿಂಗಳು. ಕಾಲು ಊದಿ ಚಪ್ಪಲಿಗೆ ಹಿಡಿಯುತ್ತಿರಲಿಲ್ಲ, ಎರಡು ದಿನದಿಂದ ತಲೆನೋವು. ಬಿ.ಪಿ. ಏರಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ.

"ಅಲ್ಲೇ ನಿಂತ್ಕೊಳಮ್ಮಾ! ಹತ್ತು ಮನೆ ಸುತ್ತಿ ಬಂದಿದೀಯ, ಹುಳಕ್ಕೆ ರೋಗ ತರ್ತೀಯ" ಎಂದು ಕದಿರಮ್ಮ ಬಾಗಿಲಲ್ಲೇ ತಡೆದಳು. ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಿದ್ದವು. ಅವತ್ತೇ ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಕಸಕಡ್ಡಿಯಲ್ಲೇ ಗೂಡು ಕಟ್ಟಿ ಬೆಳೆ ಕೆಡುತ್ತದೆ.

"ನಾಳೆ ಕಳಿಸ್ತೀನಿ ಬಿಡು. ಹುಳ ಕಾಯಲ್ಲ."

"ಹೊಟ್ಟೇಲಿರೋದು ಕಾಯುತ್ತಾ? ನಿನ್ನ ಮಗ ಸುನೀಲ್‌ಕುಮಾರ್ ಹೆಂಡ್ತೀನ ಬೈಕಲ್ಲಿ ಕರ್ಕೊಂಡು ಹೋಗ್ಲಿ. ಇಬ್ಬರ ಕೆಲಸ ನಾನು ಮಾಡ್ತೀನಿ."

"ನಿಂಗೆ ಬರುತ್ತಾ?"

"ನಮ್ಮಮ್ಮ ನನ್ನ ಹೆತ್ತಿದ್ದೇ ಹುಳದ ತಟ್ಟೆ ಪಕ್ಕದಲ್ಲಿ."

ಕದಿರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾದ್ರೆ ಸ್ನಾನ ಮಾಡ್ಕೊಂಡು ಬಾ. ಸೋಪು ಮುಟ್ಟಬೇಡ, ಹುಳಕ್ಕೆ ವಾಸನೆ ಆಗಲ್ಲ."

ಹೀಗೆ ಸರ್ಕಾರದ ಗುಲಾಬಿ ಸೀರೆ ಹಗ್ಗದ ಮೇಲೆ ನೇತಾಡಿತು. ತೊಡಲು ಕೊಟ್ಟ ಕದಿರಮ್ಮನ ರವಿಕೆಯಲ್ಲಿ ಇಬ್ಬರು ಶ್ಯಾಮಲಮ್ಮಂದಿರು ಹಿಡಿಯುತ್ತಿದ್ದರು. ಬೈಕು ಹೊರಟಿತು, ಇವಳು ಹುಳದ ಮುಂದೆ ಕೂತಳು. ಹೊಸ್ತಿಲಲ್ಲಿಟ್ಟ ಫೋನು ಹನ್ನೊಂದು ಸಲ ಬಡಿದುಕೊಂಡ ಮೇಲೆ ಎತ್ತಿದಳು. ವಿಡಿಯೋದಲ್ಲಿ ಅವಳ ಮೇಲ್ವಿಚಾರಕಿ ರಾಧಾಮಣಿ ಮೇಡಂ.

"ಸರ್ವೆ ಒಂದೂ ಅಪ್‌ಲೋಡ್ ಆಗಿಲ್ಲ! ಯೂನಿಫಾರ್ಮ್ ಎಲ್ಲಿ?"

"ಹಗ್ಗದ ಮೇಲೈತೆ ಮೇಡಂ."

"ಕೈಯಲ್ಲಿ ಏನದು?"

"ಹುಳ" ಎಂದು ಹತ್ತಿರ ಹಿಡಿದು ತೋರಿಸಿದಳು. ಮೇಡಂ ಚೀರಿದರು, ಫೋನ್ ಕಟ್ಟಾಯಿತು. ಹದಿನಾಲ್ಕು ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ನೆಮ್ಮದಿಯ ಮಧ್ಯಾಹ್ನ ಅದು.

ಎರಡು ಗಂಟೆಗೆ ಸುನೀಲ್‌ಕುಮಾರ್ ಫೋನ್ ಮಾಡಿದ. "ಅಕ್ಕಾ, ಬಿ.ಪಿ. ನೂರಾ ಎಪ್ಪತ್ತಂತೆ. ಆಂಬುಲೆನ್ಸಲ್ಲಿ ಚಿಕ್ಕಬಳ್ಳಾಪುರಕ್ಕೆ ಕಳಿಸ್ತಿದಾರೆ. ನಾಳೆ ಅಂತ ಬಿಟ್ಟಿದ್ರೆ ಫಿಟ್ಸ್ ಬರ್ತಿತ್ತು ಅಂದ್ರು."

ಕೇಳಿಸಿಕೊಂಡ ಕದಿರಮ್ಮನ ಕೈಯಿಂದ ಹುಳ ಜಾರಿತು. ಅವಳು ಎತ್ತಿಕೊಳ್ಳಲಿಲ್ಲ. ಒಳಗೆ ಹೋಗಿ ಊಟ ಬಡಿಸಿಟ್ಟು ಬಂದು "ಏಳು, ಮುದ್ದೆ ಉಣ್ಣು" ಎಂದಳು.

"ಈ ತಟ್ಟೆ ಮುಗೀಲಿ."

ನಾಲ್ಕನೇ ದಿನ ಹೆಣ್ಣು ಮಗು ಹುಟ್ಟಿತು, ತಾಯಿಯೂ ಕ್ಷೇಮ. ಐದನೇ ದಿನ ಶ್ಯಾಮಲಮ್ಮನಿಗೆ ನೋಟಿಸ್ ಬಂತು: ಒಂಬತ್ತನೇ ತಾರೀಕು ಕೆಲಸಕ್ಕೆ ಗೈರುಹಾಜರಾಗಿದ್ದೇಕೆ?

ಉತ್ತರವನ್ನು ಕದಿರಮ್ಮ ಹೇಳಿದಳು, ನಾನು ಬರೆದೆ. "ಅವಳು ನಮ್ಮನೆಯಲ್ಲಿ ಹುಳ ಆರಿಸುತ್ತಿದ್ದಳು, ಅದಕ್ಕೇ ನನ್ನ ಸೊಸೆ ಉಳಿದಳು. ನಂಬಿಕೆ ಇಲ್ಲದಿದ್ದರೆ ಬಂದು ನೋಡಿ. ಆದರೆ ಸ್ನಾನ ಮಾಡಿಕೊಂಡು ಬನ್ನಿ."

ಕೆಳಗೆ ಹೆಬ್ಬೆಟ್ಟು ಒತ್ತಿದಳು.