ಕಾರ್ತಜೀನಾದ ಕಡೆಯ ರೀಲು

ಬಹರೈನಿನ ಅಸ್ಕರಿನಲ್ಲಿ ಅಲ್ಯೂಮಿನಿಯಂ ಕಾರ್ಖಾನೆಯ ದೀಪಗಳು ಇನ್ನೂ ಆರಿಲ್ಲ. ರಾತ್ರಿ ಪಾಳಿ ಮುಗಿಸಿದವರನ್ನು ಹೊತ್ತ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತಿವೆ. ರಸ್ತೆಯಿಂದ ತುಸು ಒಳಗೆ, ಬಯಲಿನಲ್ಲಿ ನಿಂತ ತಗಡಿನ ಕಂಟೇನರಿನ ಬಾಗಿಲನ್ನು ಲಿಲಿಯನ್ ಮಿನೇಜಸ್ ಎರಡೂ ಕೈಯಿಂದ ಎಳೆದು ತೆರೆಯುತ್ತಾರೆ. ತೆರೆದ ಕೂಡಲೇ ಒಳಗೆ ಹೋಗುವುದಿಲ್ಲ. ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡು ಒಂದು ಬದಿಗೆ ಸರಿದು ನಿಲ್ಲುತ್ತಾರೆ. ಒಳಗಿನಿಂದ ಹುಳಿ ಘಾಟು ಹೊರಗೆ ನುಗ್ಗುತ್ತದೆ.

"ವಿನೆಗರ್ ವಾಸನೆ ಬಂತಲ್ಲ? ಫಿಲ್ಮ್ ಸಾಯ್ಲಿಕ್ಕೆ ಶುರುವಾದ್ರೆ ಹೀಗೆಯೇ. ಮನೆಯಲ್ಲಿ ಹಂದಿಮಾಂಸಕ್ಕೆ ವಿನೆಗರ್ ಹಾಕುವಾಗಲೂ ನನಗೆ ಈಗ ಇದೇ ನೆನಪು. ಅದಕ್ಕೆ ಮಾಡುವುದನ್ನೇ ಬಿಟ್ಟಿದ್ದೇನೆ."

ಘಾಟು ಇಳಿದ ಮೇಲೆ ಒಂದು ತಗಡಿನ ಡಬ್ಬ ಹೊರಗೆ ಬರುತ್ತದೆ. ಬಾಗಿಲ ಹೊರಗಿನ ಮೇಜಿಗೆ ಎರಡು ಕೈಚಕ್ರಗಳನ್ನು ಬಿಗಿದಿದ್ದಾರೆ. ಎಡಗಡೆಯ ರೀಲಿನಿಂದ ಫಿಲ್ಮು ಬಲಗಡೆಗೆ ಸುತ್ತಿಕೊಳ್ಳುತ್ತಾ ಹೋದ ಹಾಗೆ ಅದರ ಅಂಚು ಲಿಲಿಯನ್ನರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಾದುಹೋಗುತ್ತದೆ. ಅಂಚಿನ ತೂತು ಹರಿದಿದ್ದರೆ, ಹಳೆಯ ಅಂಟು ಬಿಟ್ಟಿದ್ದರೆ ಬೆರಳು ಅಲ್ಲೇ ನಿಲ್ಲುತ್ತದೆ. ಈ ಕೆಲಸಕ್ಕೆ 'ಫಿಲ್ಮ್ ಚೆಕ್ಕರ್' ಎಂದು ಹೆಸರು. ಈ ದ್ವೀಪದಲ್ಲಿ ಇದನ್ನು ಮಾಡುವವರು ಇನ್ನೊಬ್ಬರು ಇದ್ದಾರೆಯೇ ಎಂದು ಕೇಳಿದರೆ ಅವರು ಇಲ್ಲವೆಂದು ತಲೆಯಾಡಿಸುತ್ತಾರೆ. ಬಿಸಿಲೇರಿದರೆ ತಗಡು ಕಾದು ಕುಲುಮೆಯಾಗುತ್ತದೆ. ಆದ್ದರಿಂದ ಮಾಡುವುದೆಲ್ಲ ಬೆಳಗಿನ ಹೊತ್ತೇ. ದಿನಕ್ಕೆ ಐದಾರು ರೀಲು ಆದರೆ ಹೆಚ್ಚು.

ಉಡುಪಿ ಕಡೆಯ ಶಿರ್ವದಿಂದ ಲಿಲಿಯನ್ ಬಹರೈನಿಗೆ ಬಂದದ್ದು ಮದುವೆಯ ಮರುವರ್ಷ. ಗಂಡ ಇಗ್ನೇಷಿಯಸ್ ಮನಾಮಾದ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ಆಪರೇಟರ್. ಉಮ್ ಅಲ್ ಹಸ್ಸಮಿನ ಒಂದೇ ಕೋಣೆಯ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಕೂತು ಬೇಸರಗೊಂಡ ಹೆಂಡತಿಯನ್ನು ಅವರು ಯಂತ್ರದ ಕೋಣೆಗೆ ಕರೆದುಕೊಂಡು ಹೋಗತೊಡಗಿದರು. ನೋಡುತ್ತಾ ನೋಡುತ್ತಾ ಕೈ ಕೆಲಸಕ್ಕೆ ಹೊಂದಿತು. ಕೊನೆಗೆ ಚಿತ್ರಗಳನ್ನು ತರಿಸುತ್ತಿದ್ದ ಕಂಪನಿಯೇ ಲಿಲಿಯನ್ನರನ್ನು ಸೇರಿಸಿಕೊಂಡಿತು. ಹಿಂದಿ, ಮಲಯಾಳ, ಇಂಗ್ಲಿಷ್ ಚಿತ್ರಗಳ ಪ್ರಿಂಟುಗಳು ವಾರ ತಪ್ಪದೆ ಬರುತ್ತಿದ್ದ ಕಾಲ ಅದು.

"ನಮ್ಮವರು ಸತ್ತದ್ದೂ ಆ ಕೋಣೆಯಲ್ಲೇ. ಶೋ ನಡೀತಾ ಇತ್ತು. ಎದೆ ಹಿಡಿದುಕೊಂಡ್ರಂತೆ. ಆದ್ರೂ ಮುಂದಿನ ರೀಲು ಹಾಕಿಯೇ ಕುರ್ಚಿಯಲ್ಲಿ ಕೂತದ್ದು. ಕೆಳಗೆ ಜನರಿಗೆ ಎಂತದೂ ಗೊತ್ತಾಗ್ಲಿಲ್ಲ."

ಮಕ್ಕಳಿಲ್ಲ. ಆಮೇಲೆ ಟಾಕೀಸುಗಳೆಲ್ಲ ಕಂಪ್ಯೂಟರಿಗೆ ತಿರುಗಿದವು. ಕಂಪನಿಯ ಹಳೆಯ ಅರಬಾಬನಿಗೆ ಸಿನಿಮಾದ ಹುಚ್ಚು. ಆ ಯಜಮಾನ ಬದುಕಿರುವವರೆಗೆ ಸನದ್ ಎಂಬ ಊರಿನ ಗೋದಾಮಿನಲ್ಲಿ ತಣ್ಣನೆಯ ಒಂದು ಕೋಣೆ ಹಳೆಯ ಪ್ರಿಂಟುಗಳಿಗಾಗಿಯೇ ಇತ್ತು, ಅವುಗಳ ಜೊತೆಗೆ ಲಿಲಿಯನ್ನರೂ ಇದ್ದರು.

ಆ ಕೋಣೆಯಲ್ಲಿ 'ದಿ ಲ್ಯಾಂಟರ್ನ್ ಆಫ್ ಕಾರ್ತಜೀನಾ' ಇತ್ತು. ಎಪ್ಪತ್ತು ವರ್ಷಕ್ಕೂ ಹೆಚ್ಚು ಹಿಂದಿನ ಹಾಲಿವುಡ್ ಚಿತ್ರ. ಹಡಗು, ಕತ್ತಿ, ಕೋಟೆ, ಕಡಲುಗಳ್ಳನ ಮೇಲೆ ಮನಸ್ಸಿಟ್ಟ ಸ್ಪೇನಿನ ಡಚೆಸ್. ಎಡ್ಮಂಡ್ ಹ್ಯಾಸ್ಕಿನ್ ಎಂಬ ನಿರ್ದೇಶಕ ಸ್ಟುಡಿಯೋದ ಅಂಗಳದಲ್ಲಿ ನಿಜವಾದ ಹಡಗನ್ನೇ ಕಟ್ಟಿಸಿ ತೆಗೆದದ್ದು. ಲೋಕವೆಲ್ಲ ನೋಡಿದ ಚಿತ್ರ ಮದುವೆಯಲ್ಲಿ ಮುಗಿಯುತ್ತದೆ. ಬಹರೈನಿನ ಪ್ರಿಂಟು ಹಾಗೆ ಮುಗಿಯುವುದಿಲ್ಲ. ಒಮ್ಮೆ ಮಧ್ಯಾಹ್ನ, ಟಾಕೀಸು ಖಾಲಿ ಇದ್ದಾಗ, ಇಗ್ನೇಷಿಯಸ್ ಅದನ್ನು ಹೆಂಡತಿಗಾಗಿಯೇ ಓಡಿಸಿದ್ದರು.

"ಅವಳು ಕೋಟೆಯ ಗವರ್ನರನನ್ನು ಮದುವೆ ಆಗ್ತೇನೆ ಅಂತ ಮಾತು ಕೊಟ್ಟಿರ್ತಾಳೆ, ಈ ಕಡಲುಗಳ್ಳನ ಜನರ ಜೀವ ಉಳಿಸ್ಲಿಕ್ಕೆ. ಇವನಿಗೆ ಗೊತ್ತಿಲ್ಲ. ಸಣ್ಣ ದೋಣಿಯಲ್ಲಿ ಕೋಟೆಯ ಬುಡಕ್ಕೆ ಬರ್ತಾನೆ. ಅವಳು ಮೇಲಿನಿಂದ ಲಾಟೀನು ತೋರಿಸಿದ್ರೆ ಬರಬಹುದು ಅಂತ ಲೆಕ್ಕ. ಅವಳು ಲಾಟೀನು ಹಿಡ್ಕೊಂಡೇ ಬರ್ತಾಳೆ. ಬಂದು ಊದಿ ಆರಿಸ್ತಾಳೆ. ಅಳುವುದಿಲ್ಲ. ಅವನು ದೋಣಿ ತಿರುಗಿಸ್ತಾನೆ. ಅಷ್ಟೇ, ಖಲಾಸ್." ಲಿಲಿಯನ್ ಕೈಚಕ್ರ ನಿಲ್ಲಿಸುತ್ತಾರೆ. "ಇದನ್ನು ತೋರಿಸಿದ್ರೆ ಜನ ಕುರ್ಚಿ ಒಡೀತಾರೆ ಅಂತ ನಮ್ಮವರು ನಗಾಡಿದ್ರು. ನಾನು ಮನೆಗೆ ಬಂದು ಗಂಜಿ ಸಹ ಮಾಡ್ಲಿಲ್ಲ."

ಆ ಕೊನೆ ಲೋಕದಲ್ಲಿ ಬೇರೆಲ್ಲೂ ಉಳಿದಿಲ್ಲ ಎಂಬುದು ತಿಳಿದದ್ದು ಕಳೆದ ವರ್ಷ. ಅರಬಾಬ ತೀರಿಕೊಂಡ ಮೇಲೆ ಮ್ಯಾನೇಜರ್ ಪ್ರಖ್ಯಾತ್ ಹಳೆಯ ಪ್ರಿಂಟುಗಳ ವಿವರವನ್ನು ಅಂತರ್ಜಾಲದಲ್ಲಿ ಹಾಕಿದ್ದರು, ಯಾರಾದರೂ ಕೊಂಡರೆ ಕೊಳ್ಳಲಿ ಎಂದು. ಕಾರ್ತಜೀನಾದ ಬಗ್ಗೆ ಕ್ಯಾಲಿಫೋರ್ನಿಯಾದಿಂದ ಒಬ್ಬ ಹೆಂಗಸು ಕರೆ ಮಾಡಿದರು. ತಮ್ಮ ಚಿಕ್ಕಮ್ಮ ವರ್ನಾ ಹಿಲ್‌ಗೆ ತೊಂಬತ್ತು ದಾಟಿದೆ, ಆ ಚಿತ್ರಕ್ಕೆ ಕೆಲಸ ಮಾಡಿದವರಲ್ಲಿ ಉಳಿದಿರುವುದು ಅವರೊಬ್ಬರೇ, ಪ್ರಿಂಟನ್ನು ನೋಡಿಕೊಳ್ಳುವವರ ಜೊತೆ ಮಾತಾಡಬೇಕಂತೆ ಎಂದರು. ಪ್ರಖ್ಯಾತ್ ಫೋನನ್ನು ಲಿಲಿಯನ್ನರ ಕೈಗಿತ್ತರು.

ಪರದೆಯ ಮೇಲೆ ಕಂಡದ್ದು ದಿಂಬಿಗೆ ಒರಗಿದ ಸಣ್ಣ ಮುಖ. ವರ್ನಾ ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಆ ಸ್ಟುಡಿಯೋದ ಕತ್ತರಿ ಕೋಣೆಯಲ್ಲಿ, ಎಂದರೆ ಎಡಿಟಿಂಗ್ ವಿಭಾಗದಲ್ಲಿ, ಇದ್ದವರು. ಮೊದಲ ಪ್ರದರ್ಶನದಲ್ಲಿ ಜನ ಸಿಟ್ಟಾಗಿ ಎದ್ದುಹೋದರೆಂದು ಸ್ಟುಡಿಯೋದವರು ಮದುವೆಯ ದೃಶ್ಯವೊಂದನ್ನು ಹೊಸದಾಗಿ ಚಿತ್ರೀಕರಿಸಿ ಅಂಟಿಸಲು ಹೇಳಿದರು. ಹಳೆಯ ಕೊನೆಯನ್ನು ಕತ್ತರಿಸಿದ್ದು ವರ್ನಾ. ಹ್ಯಾಸ್ಕಿನ್ ಆಗ ಹೊರಗೆ ಓಣಿಯಲ್ಲಿ ಗೋಡೆಗೆ ಹಣೆಯಿಟ್ಟು ನಿಂತಿದ್ದರಂತೆ. ಆಮೇಲೆ ಅವರಿಗೆ ದೊಡ್ಡ ಚಿತ್ರ ಸಿಗಲೇ ಇಲ್ಲ. ತುಂಡುಗಳನ್ನೆಲ್ಲ ಸುಟ್ಟರು. ಆದರೆ ಅಷ್ಟರಲ್ಲಿ ಹಳೆಯ ಕೊನೆಯೇ ಇದ್ದ ಒಂದು ಪ್ರಿಂಟು ಕೊಲ್ಲಿಯ ತೈಲ ಕ್ಯಾಂಪಿನವರಿಗಾಗಿ ಹಡಗೇರಿತ್ತು. ಅದನ್ನು ವಾಪಸು ಕರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಲಿಲಿಯನ್ನರಿಗೆ ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್ ಬರುತ್ತದೆ. ಅಷ್ಟು ಸಾಕಾಯಿತು. ಈ ಪ್ರಿಂಟು ಮುಗಿಯುವುದು ಲಾಟೀನು ಆರುವಲ್ಲಿ ಎಂದು ಅವರು ಹೇಳಿದರು. ಅಂಟು ಯಾವುದು, ಬೆರಳಿಗೆ ಗಾಯವಾದರೆ ಏನು ಹಚ್ಚುತ್ತಿದ್ದಿರಿ ಎಂದು ಇಬ್ಬರೂ ಮಾತಾಡಿಕೊಂಡರು. ಕರೆ ಮುಗಿಸುವ ಮುಂಚೆ ವರ್ನಾ ಕೇಳಿದ್ದು ಒಂದೇ: ಕಣ್ಣು ಮುಚ್ಚುವ ಮೊದಲು ಆ ಕೊನೆಯನ್ನೊಮ್ಮೆ ನೋಡಬೇಕು.

"ತೋರಿಸ್ತೇನೆ ಅಂತ ನಾನು ಮಾತು ಕೊಟ್ಟೆ. ಕೊಡಬಾರದಿತ್ತು. ಯಾರ ಕೈಯಲ್ಲಿ ಎಂತ ಉಂಟು ಹೇಳಿ?"

ಯುರೋಪಿನ ಒಂದು ಚಿತ್ರಸಂಗ್ರಹಾಲಯ ಪ್ರಿಂಟನ್ನು ತೊಳೆದು ನಕಲು ತೆಗೆಯಲು ಒಪ್ಪಿತು. ಹಕ್ಕುದಾರ ಕಂಪನಿಯ ಅನುಮತಿ ಬರಬೇಕಿತ್ತು. ತಿಂಗಳುಗಳು ಉರುಳಿದವು. ಲಿಲಿಯನ್ ಕಾರ್ತಜೀನಾದ ಡಬ್ಬಗಳನ್ನು ಒರೆಸಿ ತಣ್ಣನೆಯ ಕೋಣೆಯ ಬಾಗಿಲ ಬಳಿ ಜೋಡಿಸಿಟ್ಟು ಕಾದರು. ಕಡೆಯ ರೀಲಿನ ಮೇಲೆ ಭಾರ ಬೀಳಬಾರದೆಂದು ಅದರ ಡಬ್ಬದ ಮೇಲೆ ಕೆಂಪು ಮಸಿಯಲ್ಲಿ 'ಎಲ್ಲದರ ಮೇಲೆ ಇಡಿ' ಎಂದು ಇಂಗ್ಲಿಷಿನಲ್ಲಿ ಬರೆದರು.

ಈ ಜುಲೈಯಲ್ಲಿ ಶಿರ್ವದಲ್ಲಿ ಅಕ್ಕ ತೀರಿಕೊಂಡರು. ಲಿಲಿಯನ್ ಊರಿಗೆ ಹೋದರು. ಮರಣದ ಮನೆಯಲ್ಲಿ ಇದ್ದಾಗಲೇ ಪ್ರಖ್ಯಾತರ ಫೋನು ಬಂತು: "ಆಂಟಿ, ಪರ್ಮಿಶನ್ ಬಂತು! ನೀವು ಬಂದ ಮೇಲೆ ಪ್ಯಾಕ್ ಮಾಡುವಾ." ನೆರೆಕರೆಯವರು ಜಪಸರ ಹಿಡಿದು ತೇರ್ಸ ಮಾಡುತ್ತಿದ್ದ ಪಡಸಾಲೆಯಿಂದ ಹೊರಗೆ ಬಂದು, ಬಾವಿಕಟ್ಟೆಯ ಹತ್ತಿರ ನಿಂತು, ಲಿಲಿಯನ್ ಒಬ್ಬರೇ ನಕ್ಕರಂತೆ.

ಆ ಫೋನಿನಲ್ಲಿ ಪ್ರಖ್ಯಾತ್ ಹೇಳದೆ ಬಿಟ್ಟ ವಿಷಯವೊಂದಿತ್ತು. ಅರಬಾಬನ ಮಕ್ಕಳು ಸನದಿನ ಗೋದಾಮನ್ನು ಬಿಟ್ಟುಕೊಟ್ಟಿದ್ದರು. ಎರಡು ವಾರದ ಮಟ್ಟಿಗೆ ಎಂದು ಪ್ರಿಂಟುಗಳು ಅಸ್ಕರಿನ ಕಂಟೇನರಿಗೆ ಬಂದಿದ್ದವು. ಬಾಗಿಲ ಬಳಿ ಇದ್ದದ್ದರಿಂದ ಕಾರ್ತಜೀನಾವನ್ನೇ ಮೊದಲು ತುಂಬಿದರು, ಹಾಗಾಗಿ ಅದು ಎಲ್ಲಕ್ಕಿಂತ ಒಳಗೆ ಹೋಯಿತು. ಕೂಲಿಯವರು ಕೆಂಪು ಮಸಿಯ ಬರಹವನ್ನು ಓದಿ, ಹೇಳಿದಂತೆಯೇ ಆ ಡಬ್ಬವನ್ನು ಎಲ್ಲದರ ಮೇಲಿಟ್ಟರು. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಜುಲೈಯ ಬಿಸಿಲಿಗೆ ಕಾದ ತಗಡಿನ ಮಾಡು.

ಆಗಸ್ಟಿನಲ್ಲಿ ಮರಳಿದ ಲಿಲಿಯನ್ನರನ್ನು ವಿಮಾನ ನಿಲ್ದಾಣದಿಂದ ಕರೆತಂದವರು ಕಂಪನಿಯ ವ್ಯಾನಿನ ಚಾಲಕ ಹುಸೈನಬ್ಬ, ಉಳ್ಳಾಲದವರು. ದಾರಿಯಲ್ಲಿ ವಿಷಯ ತಿಳಿದದ್ದೇ ಲಿಲಿಯನ್ ಮನೆಗೆ ಹೋಗಲಿಲ್ಲ. ವ್ಯಾನನ್ನು ನೇರ ಅಸ್ಕರಿಗೆ ಬಿಡಿಸಿದರು.

"ಬಾಯಮ್ಮ ಮುಚ್ಚಳ ತೆಗ್ದು ಡಬ್ಬವನ್ನು ನನ್ನ ಕಡೆ ತಿರುಗಿಸಿದ್ರು," ಎನ್ನುತ್ತಾರೆ ಹುಸೈನಬ್ಬ. "ಒಳಗೆ ಫಿಲ್ಮು ಎಲ್ಲಿ? ಬೆಲ್ಲದ ಅಚ್ಚಿನ ಹಾಗೆ ಒಂದೇ ಮುದ್ದೆ."

ಉಳಿದ ರೀಲುಗಳಿಗೆ ಅಷ್ಟು ಕೇಡಾಗಿರಲಿಲ್ಲ. ಆದರೆ ಅವುಗಳಲ್ಲಿದ್ದದ್ದು ಲೋಕದ ಬಳಿ ಇರುವ ಚಿತ್ರವೇ. ಮುಂದಿನ ದಿನಗಳಲ್ಲಿ ಲಿಲಿಯನ್ ಆ ಮುದ್ದೆಯನ್ನು ಮನೆಯ ಏಸಿಯ ತಂಪಿನಲ್ಲಿಟ್ಟು, ಸುತ್ತು ಸುತ್ತಾಗಿ ಬಿಡಿಸಲು ನೋಡಿದರು. ಒಂದು ಪದರ ಎಳೆದರೆ ಅದರ ಚಿತ್ರವೆಲ್ಲ ಇನ್ನೊಂದು ಪದರಕ್ಕೆ ಮೆತ್ತಿಕೊಂಡು ಬರುತ್ತಿತ್ತು. ಕೈಯಲ್ಲಿ ಉಳಿಯುತ್ತಿದ್ದದ್ದು ಬರಿಯ ಪಾರದರ್ಶಕ ಪಟ್ಟಿ. ಒಂದೇ ಒಂದು ಚೌಕದಲ್ಲೂ ಡಚೆಸಳ ಮುಖ ಸಿಗಲಿಲ್ಲ. ಪ್ರಖ್ಯಾತ್ ಮನೆಗೇ ಬಂದು, ಮೇಜಿನ ಮೇಲಿನ ಚೂರುಗಳನ್ನು ನೋಡಿ, "ಎರಡು ವಾರಕ್ಕೆ ಅಂತಲೇ ಇಟ್ಟದ್ದು ಆಂಟಿ" ಎಂದರು. ಲಿಲಿಯನ್ ಅವರಿಗೆ ಚಹಾ ಮಾಡಿಕೊಟ್ಟರು.

"ಅವನನ್ನು ಬೈದು ಎಂತ ಮಾಡುವುದು? ಮೇಲೆ ಇಡಿ ಅಂತ ಬರೆದದ್ದು ನನ್ನ ಕೈ."

ವರ್ನಾಗೆ ಹೇಳುವುದು ಹೇಗೆ? ಹುಸೈನಬ್ಬ ದಾರಿ ತೋರಿಸಿದರು: "ಹಡಗಿನಲ್ಲಿ ಬರ್ತಾ ಉಂಟು ಅಂತ ಹೇಳಿ ಬಾಯಮ್ಮ. ಅಷ್ಟು ಪ್ರಾಯದವರಿಗೆ ಸತ್ಯ ಯಾಕೆ? ಕಾಯ್ತಾ ಇರ್ಲಿ." ಲಿಲಿಯನ್ ಎರಡು ದಿನ ಯೋಚಿಸಿದರು. ಕತ್ತರಿ ಕೋಣೆಯಲ್ಲಿ ಕೂತ ಹೆಂಗಸಿಗೆ ಫಿಲ್ಮಿನ ವಿಷಯದಲ್ಲಿ ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಕರೆ ಮಾಡಿದರು, ನಡೆದದ್ದನ್ನು ನಡೆದ ಹಾಗೆ ಹೇಳಿದರು.

ವರ್ನಾ, "ಅವತ್ತು ಆ ತುಂಡನ್ನು ನನ್ನ ಊಟದ ಡಬ್ಬಿಯಲ್ಲಿ ಅಡಗಿಸಿ ತಂದುಬಿಡಬೇಕಿತ್ತು" ಎಂದರು. ಕೊನೆಯನ್ನು ಬಾಯಲ್ಲೇ ಹೇಳುತ್ತೇನೆಂದು ಲಿಲಿಯನ್ ಶುರುಮಾಡಿದರು. ದೋಣಿ ಕೋಟೆಯ ಬುಡಕ್ಕೆ ಬರುವಷ್ಟರಲ್ಲಿ ವರ್ನಾ ಕೈ ಎತ್ತಿ ಬೇಡವೆಂದರು. ಮುಖ ಗೋಡೆಯ ಕಡೆಗೆ ತಿರುಗಿತು. ಅವರ ಅಕ್ಕನ ಮಗಳು ಫೋನು ತೆಗೆದುಕೊಂಡು, ಚಿಕ್ಕಮ್ಮನಿಗೆ ದಣಿವಾಗಿದೆ ಎಂದರು.

ಆಮೇಲೆ ವರ್ನಾ ಮಾತಿಗೆ ಸಿಗಲಿಲ್ಲ. ಸೆಪ್ಟೆಂಬರಿನ ಕೊನೆಗೆ ಅವರು ತೀರಿಕೊಂಡ ಸುದ್ದಿ ಬಂತು. ಊಟ ಬಿಟ್ಟಿದ್ದರಂತೆ.

"ಪ್ರಾಯ ಆಗಿತ್ತು, ಅದಕ್ಕೆ ಹೋದದ್ದು ಅಂತ ಎಲ್ಲರೂ ಹೇಳ್ತಾರೆ," ಎನ್ನುತ್ತಾರೆ ಲಿಲಿಯನ್. ಅವರ ಕಣ್ಣು ಫಿಲ್ಮಿನ ಅಂಚಿನಿಂದ ಮೇಲೇಳುವುದಿಲ್ಲ. "ಸುಳ್ಳು ಹೇಳಿದ್ರೆ ಇನ್ನೂ ಕಾಯ್ತಿದ್ರೋ ಏನೋ. ಕಾಯುವವರು ಸ್ವಲ್ಪ ಉಣ್ತಾರಲ್ಲ? ದೇವರ ಹತ್ರವೂ ಕೇಳಿದ್ದೇನೆ."

ಬಿಸಿಲು ಮೇಜಿನ ಕಾಲಿನವರೆಗೆ ಬಂದಿದೆ. ಹುಸೈನಬ್ಬ ವ್ಯಾನಿನ ನೆರಳಲ್ಲಿ ಹಾಲು ಹಾಕಿ ಕುದಿಸಿದ ಕರಕ್ ಚಹಾ ಬಗ್ಗಿಸುತ್ತಿದ್ದಾರೆ. ಈ ಗುರುವಾರ ಗುಜರಿಯ ಲಾರಿ ಬಂದು ಕಂಟೇನರಿನಲ್ಲಿರುವುದನ್ನೆಲ್ಲ ಕೊಂಡೊಯ್ಯಲಿದೆ. ಯಾರೂ ಮತ್ತೆ ಓಡಿಸಬಾರದೆಂದು ರೀಲುಗಳನ್ನು ಮೊದಲು ಕಡಿದು ತುಂಡು ಮಾಡುವುದು ಕ್ರಮ. ಡಿಸೆಂಬರಿಗೆ ಲಿಲಿಯನ್ನರ ವೀಸಾ ಮುಗಿಯುತ್ತದೆ. ನವೀಕರಿಸುವುದಿಲ್ಲವೆಂದು ಅರಬಾಬನ ಮಕ್ಕಳು ತಿಳಿಸಿಯಾಗಿದೆ. ಶಿರ್ವದಲ್ಲಿ ಅಕ್ಕನ ಮನೆಯ ಬಾಗಿಲಿಗೆ ಈಗ ಬೀಗ.

ಹಾಗಾದರೆ ಈ ಚೆಕ್ಕಿಂಗು ಯಾಕೆ? ಅದನ್ನು ಬಾಯಿಬಿಟ್ಟು ಕೇಳಿದವರು ಹುಸೈನಬ್ಬ, ಚಹಾದ ಲೋಟವನ್ನು ಮೇಜಿನ ತುದಿಗಿಡುತ್ತಾ: "ಬಿಡಿ ಬಾಯಮ್ಮ. ನಾಡಿದ್ದು ಕಡಿಯುವುದಕ್ಕೆ ಇವತ್ತು ಹೊಲಿಗೆ ಹಾಕ್ತೀರಾ?"

ಬೆರಳು ಒಂದು ಕಡೆ ನಿಂತಿದೆ. ಯಾವುದೋ ಹಳೆಯ ಹಿಂದಿ ಚಿತ್ರದ ಹಾಡಿನ ನಡುವೆ ಅಂಟು ಬಿಟ್ಟು ಫಿಲ್ಮು ಬಾಯ್ದೆರೆದಿದೆ. ಲಿಲಿಯನ್ ಎರಡು ತುದಿಗಳನ್ನು ನೇರ ಮಾಡಿ ಕೂಡಿಸುತ್ತಾರೆ, ಅಂಟುಪಟ್ಟಿ ಹಚ್ಚಿ ಒತ್ತುತ್ತಾರೆ, ಉಗುರಿನಿಂದ ಸವರಿ ಗಾಳಿ ತೆಗೆಯುತ್ತಾರೆ.

"ಕಡೀಲಿ ಕಾಕ. ಅದು ಅವರ ಕೆಲಸ. ನನ್ನ ಕೈಯಿಂದ ಹೋಗುವಾಗ ಹರಿದಿರಬಾರದು."