ಪಾಕ್ ಮುರ್ಸೋದೋ ಫೋನಿಗೆ ಬಂದ ಕಾಗದಗಳು

ಜಾವಾದ ಸುರಬಾಯಾದಲ್ಲಿ ಕಮ್ಯುನಿಕೇಟರ್ ಫೋನಿಗೆ ಇಂಟರ್‌ನೆಟ್ ಹಾಕಿಕೊಡುವವರು ಹತ್ತಾರು ಮಂದಿ ಇದ್ದರು. ಹಾಕಿದ್ದು ನಿಲ್ಲುವ ಹಾಗೆ ಹಾಕುವವಳು ವುರ್ಯಾನಿ ಒಬ್ಬಳೇ ಎಂದು ಫೋನ್ ಮಾಲಿನ ಮೂರೂ ಅಂತಸ್ತಿನಲ್ಲಿ ಮಾತಿತ್ತು. ಅದು ಎರಡು ಸಾವಿರದ ಎರಡನೇ ಇಸವಿ. ಇಟ್ಟಿಗೆಯಷ್ಟು ಭಾರದ ಆ ಫೋನು ಕನ್ನಡಕದ ಡಬ್ಬಿಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಒಳಗೆ ಪುಟ್ಟ ಕೀಲಿಮಣೆ, ಬಣ್ಣದ ಪರದೆ. ಕೊಳ್ಳುವವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ಮೀಟಿಂಗಿನ ಮೇಜಿನ ಮೇಲೆ ಇಡುವುದಕ್ಕೆಂದೇ ಕೊಳ್ಳುತ್ತಿದ್ದರು. ಉಳಿದವರು ವುರ್ಯಾನಿಯ ಹತ್ತಿರ ಬರುತ್ತಿದ್ದರು.

ಅವಳು ಕೆಲಸ ಮಾಡುತ್ತಿದ್ದದ್ದು ಕೋ ಲಿಯೊಂಗ್, ಅಂದರೆ ಲಿಯೊಂಗಣ್ಣ, ಎಂಬ ಚೀನೀ ಯಜಮಾನನ ಗಾಜಿನ ಕೌಂಟರಿನಲ್ಲಿ. ಅವಳಿಗೊಂದು ಕ್ರಮವಿತ್ತು. ಮೊದಲು ಸಿಮ್ ಕಂಪನಿಗೆ ಹೇಳಿ ಡೇಟಾ ಕರೆ ತೆರೆಸುವುದು, ಆಮೇಲೆ ಡಯಲ್ ಮಾಡುವ ನಂಬರು, ಹೆಸರು, ಪಾಸ್‌ವರ್ಡ್. ಅದಾದ ಮೇಲೆ ಗಿರಾಕಿಯ ಮೇಲ್ ಹಾಕುತ್ತಿರಲಿಲ್ಲ, ತನ್ನದೇ ಮೇಲ್ ಹಾಕುತ್ತಿದ್ದಳು. ತನಗೇ ಒಂದು ಕಾಗದ ಬರೆದುಕೊಂಡು ಫೋನಿನಿಂದ ಡಯಲ್ ಮಾಡಿ ಕಾಯುವಳು. ಅರ್ಧ ನಿಮಿಷ, ಒಂದು ನಿಮಿಷ. 'ಟಿಣ್' ಎಂದು ಕಾಗದ ಬಂದು ಬಿದ್ದರೆ ದಾರಿ ಸರಿ ಇದೆ ಎಂದರ್ಥ. ಆಗ ತನ್ನದನ್ನು ಅಳಿಸಿ ಗಿರಾಕಿಯದನ್ನು ಹಾಕುವಳು. ಕೊನೆಯದಾಗಿ ಒಂದು ಟಿಕ್: ಫೋನು ಕಾಗದ ತೆಗೆದುಕೊಂಡ ಮೇಲೂ ಅದರ ಪ್ರತಿ ಸರ್ವರಿನಲ್ಲಿ ಉಳಿಯಲಿ ಎಂದು. ಆ ಟಿಕ್ ಇಲ್ಲದಿದ್ದರೆ ಫೋನು ಡಬ್ಬಿಯಿಂದ ಅಂಚೆ ಎತ್ತಿಕೊಂಡ ಹಾಗೆ ಎಲ್ಲವನ್ನೂ ಎತ್ತಿಕೊಂಡು ಡಬ್ಬಿ ಖಾಲಿ ಮಾಡಿಬಿಡುತ್ತಿತ್ತು.

"ಈ ಊರಿನ ಎಲ್ಲ ಸಾಹೇಬರ ಜೇಬಿನೊಳಗೂ ಒಂದೊಂದು ಸಲ ಹೋಗಿ ಬಂದವಳು ನೀನು," ಎಂದು ಕೋ ಲಿಯೊಂಗ್ ಚುಡಾಯಿಸುತ್ತಿದ್ದ. "ಯಾವತ್ತಾದರೂ ಒಬ್ಬರ ಜೇಬಲ್ಲೇ ಉಳಿದುಬಿಟ್ಟೀಯ, ನೋಡಿಕೋ."

"ಒಳಗೆ ಹೋಗೋಕೆ ಗೊತ್ತಿದ್ದವಳಿಗೆ ಹೊರಗೆ ಬರೋಕೂ ಗೊತ್ತಿದೆ ಬಿಡಿ, ಕೋ."

ಅವಳ ಗಂಡ ಕಲಿಮಂತಾನಿನ ಕಲ್ಲಿದ್ದಲ ಗಣಿಗೆ ಹೋಗಿ ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ನಾಲ್ಕು ವರ್ಷದ ಮಗಳು ಕಿನಾಸಿಯನ್ನು ಕಟ್ಟಿಕೊಂಡು ವುರ್ಯಾನಿ ಅಪ್ಪನ ಮನೆಯ ಮುಂದಿನ ಕೋಣೆಯಲ್ಲಿದ್ದಳು. ಕೋಣೆಗೆ ಬಾಗಿಲಿರಲಿಲ್ಲ, ಪರದೆಯಿತ್ತು. ಮಗು ಕೆಮ್ಮಿದರೆ ಪರದೆಯಾಚೆಯಿಂದ ಒಂದು ಸಲಹೆ, ಕೆಮ್ಮದಿದ್ದರೆ ಇನ್ನೊಂದು. ಒಂದು ದಿನ ಪೇಪರಿನಲ್ಲಿ ಜಾಹೀರಾತು ಕಂಡಿತು: ಸಿಂಗಾಪುರದ ಒಂದು ಫೋನ್ ಸರ್ವಿಸ್ ಕಂಪನಿ ಆರು ತಿಂಗಳು ತರಬೇತಿ ಕೊಟ್ಟು, ಬಾತಾಮ್ ದ್ವೀಪದಲ್ಲಿ ಕೆಲಸವನ್ನೂ ಮಕ್ಕಳಿದ್ದವರಿಗೆ ಎರಡು ಕೋಣೆಯ ಮನೆಯನ್ನೂ ಕೊಡುತ್ತದೆ. ಅವರು ಕಳಿಸಿದ ಇಪ್ಪತ್ತು ಪ್ರಶ್ನೆಗಳಿಗೆ ಇಂಗ್ಲಿಷ್ ನಿಘಂಟು ಪಕ್ಕಕ್ಕಿಟ್ಟುಕೊಂಡು ಉತ್ತರ ಬರೆದಳು. ಈ ತಿಂಗಳೊಳಗೆ ತಿಳಿಸುತ್ತೇವೆ, ಮೇಲ್‌ನಲ್ಲಿ ಮಾತ್ರ ತಿಳಿಸುತ್ತೇವೆ ಎಂದು ಮರುದಿನವೇ ಜವಾಬು ಬಂತು. ಅಪ್ಪನಿಗೆ ಹೇಳಲಿಲ್ಲ. ಬಾಗಿಲಿರುವ ಮನೆ ಸಿಕ್ಕ ಮೇಲೆ ಹೇಳಿದರಾಯಿತು.

ಅದೇ ವಾರ ಪಾಕ್ ಮುರ್ಸೋದೋ ಅಂಗಡಿಗೆ ಬಂದರು.

ಜಿಲ್ಲಾ ಕಚೇರಿಯೊಂದರ ಮುಖ್ಯಸ್ಥರು, ಆದ್ದರಿಂದ ಎಲ್ಲರ ಬಾಯಲ್ಲೂ 'ಪಾಕ್', ನಮ್ಮಲ್ಲಿ 'ಸಾಹೇಬರು' ಎಂದ ಹಾಗೆ. ವುರ್ಯಾನಿಯ ಅಪ್ಪ ಕಾರ್ತೋಮೋ ಹತ್ತೊಂಬತ್ತು ವರ್ಷ ಅವರ ಕಾರು ಓಡಿಸಿ ನಿವೃತ್ತನಾಗಿದ್ದ. ಅವಳ ಮದುವೆಯಲ್ಲಿ ಮೊದಲ ಸಾಲಿನಲ್ಲಿ ಕೂತು ಹರಸಿದವರು. ಮದುವೆ ಏನಾಯಿತೆಂದು ಆಮೇಲೆ ಒಂದು ದಿನವೂ ಕೇಳದ ದೊಡ್ಡ ಮನುಷ್ಯರು.

"ಯಾರಿದು, ಕಾರ್ತೋಮೋ ಮಗಳಲ್ಲವಾ? ಇದರೊಳಗೆ ಕಾಗದ ಬರೋ ಹಾಗೆ ಮಾಡಿಕೊಡ್ತೀಯಂತೆ. ಬೇಗ ಮಾಡು ಮಗಳೇ, ನಾಳೆ ಜಕಾರ್ತಾದಿಂದ ದೊಡ್ಡವರು ಬರ್ತಿದ್ದಾರೆ."

ಅವಳು ತನ್ನ ಕ್ರಮದಂತೆಯೇ ಮಾಡಿದಳು. ಡಯಲ್ ಆಯಿತು. ಪಾಕ್ ಮುರ್ಸೋದೋ ಕೌಂಟರಿನ ಮೇಲೆ ಬಗ್ಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಟಿಣ್.

"ಬಂತು! ಕಾಗದ ಬಂತು!" ಎಂದವರೇ ಫೋನನ್ನು ಅವಳ ಕೈಯಿಂದಲೇ ಎತ್ತಿಕೊಂಡು ಟಪ್ಪನೆ ಮುಚ್ಚಿದರು.

"ಪಾಕ್, ಒಂದೈದು ನಿಮಿಷ. ಇನ್ನೂ ಸ್ವಲ್ಪ…"

"ಇನ್ನೇನು ಸ್ವಲ್ಪ? ಬಂದ ಮೇಲೆ ಬಂತು. ಯಾವುದನ್ನ ಒತ್ತಬೇಕು, ಇದನ್ನ ತಾನೇ?"

"ಇಂಗ್ಗಿಹ್, ಪಾಕ್," ಎಂದಳು ವುರ್ಯಾನಿ.

ಜಾವಾದವರು ಹಿರಿಯರ ಮುಂದೆ ಆಡುವ ಇಂಗ್ಗಿಹ್‌ಗೆ ಹೌದು ಎಂದೇ ಅರ್ಥವಾಗಬೇಕಿಲ್ಲ. ಕೇಳಿಸಿತು ಎಂದೂ ಆಗಬಹುದು, ನನ್ನ ಕೈಯಲ್ಲಿ ಏನಿದೆ ಎಂದೂ ಆಗಬಹುದು. ಪಾಕ್ ಮುರ್ಸೋದೋ ಹೋಗಿಯಾಗಿತ್ತು, ಫೋನಿನೊಳಗಿದ್ದ ಅವಳ ಮೇಲ್ ಸಮೇತ.

"ಕೊಡಿ ಅಂತ ಬಾಯಿಬಿಟ್ಟು ಕೇಳಬಾರದಿತ್ತಾ?" ಎಂದ ಕೋ ಲಿಯೊಂಗ್.

"ಅವರ ಕೈಯಲ್ಲಿರೋದನ್ನ ವಾಪಸ್ ಕೊಡಿ ಅಂತ ಹೇಗೆ ಕೇಳಲಿ? ಅಪ್ಪನಿಗೆ ಗೊತ್ತಾದರೆ ಮೂರು ದಿನ ಊಟ ಮಾಡಲ್ಲ."

"ನೀವು ಜಾವಾದವರು ನೀರಲ್ಲಿ ಮುಳುಗುವಾಗಲೂ 'ತಮಗೆ ತೊಂದರೆ ಆಗದಿದ್ದರೆ ಒಂದು ಕೈ' ಅನ್ನೋ ಪೈಕಿ."

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎನ್ನುತ್ತಾರೆ. ಆದರೆ ಬಸಿರಾದ ಮೊದಲ ದಿನ ಯಾರಿಗೂ ಹೊಟ್ಟೆ ಕಾಣುವುದಿಲ್ಲ. ವುರ್ಯಾನಿ ಮಧ್ಯಾಹ್ನ ಪಕ್ಕದ ಇಂಟರ್‌ನೆಟ್ ಕೆಫೆಗೆ ಹೋಗಿ ತನ್ನ ಪಾಸ್‌ವರ್ಡ್ ಬದಲಿಸುವ ಪುಟ ತೆರೆದಳು. ಹೊಸ ಪಾಸ್‌ವರ್ಡನ್ನೂ ಬರೆದಳು. ಒತ್ತುವ ಮೊದಲು ಒಂದು ಚಿತ್ರ ಕಣ್ಣ ಮುಂದೆ ಬಂತು: ನಾಳೆ ಜಕಾರ್ತಾದವರೆದುರು ಪಾಕ್ ಮುರ್ಸೋದೋ ಫೋನು ಬಿಚ್ಚಿ ಗುಂಡಿ ಒತ್ತುತ್ತಾರೆ, ಪರದೆಯ ಮೇಲೆ 'ಪಾಸ್‌ವರ್ಡ್ ತಪ್ಪು' ಎಂದು ಬರುತ್ತದೆ. ಕಾರ್ತೋಮೋ ಮಗಳು ಮಾಡಿಕೊಟ್ಟದ್ದು ಎನ್ನುತ್ತಾರೆ. ಅವಳು ಪುಟ ಮುಚ್ಚಿದಳು. ಜಕಾರ್ತಾದವರು ಹೋಗಲಿ, ಆಮೇಲೆ ಬದಲಿಸೋಣ. ಅಷ್ಟಕ್ಕೂ ಪ್ರತಿ ಉಳಿಯುವ ಟಿಕ್ ಹಾಕಿದ್ದೇನಲ್ಲ. ಹಾಕಿರಲಿಲ್ಲ. ನೂರಾರು ಸಲ ಹಾಕಿದ ಕೈ, ಈ ಸಲವೂ ಹಾಕಿದೆ ಎಂದೇ ಅವಳಿಗೆ ನೆನಪು ಕೊಟ್ಟಿತು.

ಜಕಾರ್ತಾದವರು ಬಂದು ಹೋದ ದಿನ ಕಿನಾಸಿಗೆ ಜ್ವರ ಏರಿತು. ಆ ಓಣಿಯಲ್ಲಿ ಆ ತಿಂಗಳು ಎರಡು ಮಕ್ಕಳಿಗೆ ಡೆಂಗಿ ಆಗಿತ್ತು. ವುರ್ಯಾನಿ ಮಗುವಿನ ತೋಳನ್ನು ದೀಪಕ್ಕೆ ಹಿಡಿದು ಕೆಂಪು ಚುಕ್ಕೆ ಹುಡುಕುವಳು, ಸೊಳ್ಳೆ ಕಚ್ಚಿದ ಗುರುತು ಕಂಡರೂ ಬೆರಳಲ್ಲಿ ಒತ್ತಿ ಒತ್ತಿ ನೋಡುವಳು. ದಿನಕ್ಕೊಂದು ಸಲ ರಕ್ತ ಪರೀಕ್ಷೆ. ಚಿಕ್ಕ ಬೆರಳಿಗೆ ಸೂಜಿ ಚುಚ್ಚುವಾಗ ಒಂದು ಸಲ ಪಾಸ್‌ವರ್ಡ್ ನೆನಪಾಯಿತು. ಮಗು ಕಿರುಚಿತು, ಮರೆತುಹೋಯಿತು. ಆರನೇ ದಿನ ಜ್ವರ ಬಿಟ್ಟಿತು, ಡೆಂಗಿ ಅಲ್ಲವಂತೆ. ಹಾಗಾದರೆ ಇನ್ನೇನು ಎಂದು ಅವಳು ಇನ್ನೆರಡು ದಿನ ನಿದ್ದೆಗೆಟ್ಟಳು.

ಮತ್ತೆ ಕೆಲಸಕ್ಕೆ ಹೋದ ದಿನದಿಂದ ಪ್ರತಿ ಮಧ್ಯಾಹ್ನ ಅನ್ನ ಬಿಟ್ಟು ಕೆಫೆಗೆ ಓಡುವಳು. ಅಂಚೆಪೆಟ್ಟಿಗೆ ಖಾಲಿ.

"ಎಷ್ಟು ಸಲ ಬುಟ್ಟಿ ಇಣುಕಿದರೂ ಕೋಳಿ ತನಗೆ ಬಂದಾಗಲೇ ಮೊಟ್ಟೆ ಇಡೋದು, ಕಣಮ್ಮ," ಎನ್ನುತ್ತಿದ್ದಳು ಕೆಫೆಯ ಒಡತಿ. "ಯಾರ ಕಾಗದ? ಗಂಡಂದಾ?"

"ಅಯ್ಯೋ, ಅವನ ಕಾಗದಕ್ಕೆ ಯಾರು ಕಾಯ್ತಾರೆ?"

ದಿನಾ ಸುರಿಯುತ್ತಿದ್ದ ಕಸದ ಜಾಹೀರಾತುಗಳು ಕೂಡ ಬರುತ್ತಿರಲಿಲ್ಲ. ಬೇರೆಯವರ ಪೆಟ್ಟಿಗೆಯಾಗಿದ್ದರೆ ಒಂದೇ ನೋಟಕ್ಕೆ ರೋಗ ಹೇಳುತ್ತಿದ್ದಳು. ತನ್ನದಾದ್ದರಿಂದ, ಟಿಕ್ ಹಾಕಿದ್ದೇನೆಂಬ ನಂಬಿಕೆಯಲ್ಲಿ, ತನ್ನಲ್ಲೇ ತಪ್ಪು ಹುಡುಕಿದಳು. ನಾಲ್ಕನೇ ಪ್ರಶ್ನೆಗೆ ಬರೆದದ್ದು ತಪ್ಪಿರಬೇಕು. 'ಗಂಡನ ಉದ್ಯೋಗ' ಎಂಬ ಜಾಗದಲ್ಲಿ ಗೀಟು ಎಳೆಯಬಾರದಿತ್ತು. ಗಂಡ ಬಿಟ್ಟವಳು ಎಂದು ಸಿಂಗಾಪುರಕ್ಕೂ ಗೊತ್ತಾಯಿತೇನೋ.

ಹಾಗೇ ತಿಂಗಳು ಕಳೆಯಿತು. ಒಂದು ಸಂಜೆ ಅಪ್ಪ ಪೇಟೆಯಿಂದ ಹಿಗ್ಗಿಕೊಂಡು ಬಂದ. ವುರ್ಯಾನಿ ಕಿನಾಸಿಗೆ ಸೊಪ್ಪಿನ ಸಾರು ತಿನ್ನಿಸುತ್ತಿದ್ದಳು.

"ಯಾನಿ, ಪಾಕ್ ಮುರ್ಸೋದೋ ಕಾರು ನಿಲ್ಲಿಸಿ ನನ್ನ ಮಾತಾಡಿಸಿದರು ಕಣೇ! ಫೋನು ಬಿಚ್ಚಿದರೆ ಸಾಕಂತೆ, ದಿನಾ ಕಾಗದ. ಎಲ್ಲ ಇಂಗ್ಲಿಷು. ಸಿಂಗಾಪುರದಿಂದಲೂ ಬಂದಿದೆಯಂತೆ! ನಿನ್ನ ಮಗಳ ಕೈಗುಣ ಅಂದರು."

ಚಮಚ ಮಗುವಿನ ಬಾಯಿಯ ಮುಂದೆಯೇ ನಿಂತಿತು. ಕಿನಾಸಿ ಬಾಯಿ ತೆರೆದುಕೊಂಡೇ ಕಾದಳು.

ವುರ್ಯಾನಿ ಎಲ್ಲವನ್ನೂ ಹೇಳಿದಳು. ಅಪ್ಪ ಕೇಳಿಸಿಕೊಂಡ. ಮುಖದ ಹಿಗ್ಗು ಇಳಿಯಿತು. ಆದರೆ ಮಗಳ ಸಂಕಟಕ್ಕಲ್ಲ.

"ಅವು ನಿಮ್ಮವಲ್ಲ ಅಂತ ಅವರಿಗೆ ಹೇಳ್ತೀಯಾ? ಇಡೀ ಕಚೇರಿಗೆ ತೋರಿಸಿಕೊಂಡು ಓಡಾಡ್ತಿದ್ದಾರೆ. ಮುಖ ಎಲ್ಲಿಡಬೇಕು ಅವರು?"

"ನನ್ನ ಮುಖ ಎಲ್ಲಿಡಲಿ, ಅಪ್ಪಾ?"

"ನಿನಗಿನ್ನೂ ವಯಸ್ಸಿದೆ," ಎಂದ ಅಪ್ಪ. ಆಮೇಲೆ, "ಹೇಳದೆ ಹೋಗೋಕೆ ಹೊರಟಿದ್ದೆ, ಅಲ್ಲವಾ?" ಎಂದ. ಅವಳು ಚಮಚವನ್ನು ಕಿನಾಸಿಯ ಬಾಯಿಗಿಟ್ಟಳು.

ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೇ ಹೋಗಿ ಬೆಂಚಿನ ಮೇಲೆ ಕೂತಳು. ತಿಂಗಳಾದ ಮೇಲೆ ಫೋನನ್ನು ಒಂದು ಸಲ ನೋಡುವುದು ಅಂಗಡಿಯ ಪದ್ಧತಿ ಎಂದು ಸುಳ್ಳು ಹೇಳಿಕಳಿಸಿದಳು. ಒಂದೂವರೆ ಗಂಟೆಯ ಮೇಲೆ ಒಳಗೆ ಕರೆದರು. ಪಾಕ್ ಮುರ್ಸೋದೋ ಸುತ್ತ ಐದಾರು ಅಧಿಕಾರಿಗಳು, ಚಹಾ, ಕರಿದ ಬಾಳೆಹಣ್ಣು. ಮೇಜಿನ ನಡುವೆ ಫೋನು.

"ಬಾ ಮಗಳೇ. ನೋಡ್ರಪ್ಪಾ, ಇವಳೇ ನೋಡಿ ನಮ್ಮ ಎಂಜಿನಿಯರು!"

ವುರ್ಯಾನಿ ಫೋನು ಬಿಚ್ಚಿದಳು. ನಲವತ್ತೇಳು ಕಾಗದ. ಬೊಕ್ಕತಲೆಗೆ ಎಣ್ಣೆ, ಅಗ್ಗದ ವಿಮಾನ ಟಿಕೆಟ್ಟು, ಲಾಟರಿ. ಅವುಗಳ ನಡುವೆ ಮೂರು. ಮೊದಲನೆಯದು: ತಾವು ಆಯ್ಕೆಯಾಗಿದ್ದೀರಿ, ಹತ್ತು ದಿನದೊಳಗೆ ಒಪ್ಪಿಗೆ ತಿಳಿಸಿ. ಎರಡನೆಯದು: ಉತ್ತರ ಬಂದಿಲ್ಲ, ಇನ್ನೂ ಮೂರು ದಿನ ಕಾಯುತ್ತೇವೆ. ಮೂರನೆಯದು: ತಮಗೆ ಆಸಕ್ತಿಯಿಲ್ಲವೆಂದು ಭಾವಿಸುತ್ತೇವೆ, ಶುಭವಾಗಲಿ. ಅದು ಬಂದು ಒಂಬತ್ತು ದಿನವಾಗಿತ್ತು.

"ಏನು ಅಷ್ಟು ಓದ್ತಿದ್ದೀಯ?" ಎಂದರು ಪಾಕ್ ಮುರ್ಸೋದೋ. "ಹಾಂ, ಅದು ಸಿಂಗಾಪುರದ್ದು. ನನಗೆ ಕನ್ನಡಕ ಇಲ್ಲದೆ ಕಾಣಲ್ಲ. ನೀನೇ ಓದಿ ಹೇಳು, ಇವರೂ ಕೇಳಲಿ."

ಎಲ್ಲರೂ ಅವಳತ್ತ ತಿರುಗಿದರು. ಒಬ್ಬ ಅಧಿಕಾರಿ ಬಾಯಿಗಿಟ್ಟ ಬಾಳೆಹಣ್ಣನ್ನು ಅಗಿಯುವುದನ್ನೂ ನಿಲ್ಲಿಸಿದ.

ಇದು ನನ್ನದು ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಬಾಯಿಂದ ಹೊರಬಿದ್ದದ್ದು ಬೇರೆ.

"ತಮ್ಮ ಬಗ್ಗೆ ಬಹಳ ಗೌರವದಿಂದ ಬರೆದಿದ್ದಾರೆ, ಪಾಕ್. ತಮ್ಮನ್ನ ಆರಿಸಿದ್ದಾರೆ. ಬನ್ನಿ ಅಂತ ಕರೆದಿದ್ದಾರೆ."

"ಹೌದಾ! ಮತ್ತೆ?"

"ಮತ್ತೆ… ಎರಡು ಸಲ ಕರೆದರೂ ತಾವು ಉತ್ತರ ಕೊಡಲಿಲ್ಲ ಅಂತ ಬೇಸರ ಪಟ್ಟುಕೊಂಡಿದ್ದಾರೆ. ಶುಭವಾಗಲಿ ಅಂದಿದ್ದಾರೆ."

ಪಾಕ್ ಮುರ್ಸೋದೋ ಕುರ್ಚಿಗೆ ಒರಗಿ ನಕ್ಕರು. "ನೋಡಿದ್ರಾ? ಹೋಗೋಕೆ ನನಗೆಲ್ಲಿ ಪುರುಸೊತ್ತು ಇಲ್ಲಿ ನಿಮ್ಮನ್ನೆಲ್ಲ ಕಾಯೋದು ಬಿಟ್ಟು? ಸಿಂಗಾಪುರ ಎಲ್ಲಿಗೆ ಓಡಿಹೋಗುತ್ತೆ, ಅಲ್ಲೇ ಇರುತ್ತೆ."

"ಇಂಗ್ಗಿಹ್, ಪಾಕ್," ಎಂದಳು ವುರ್ಯಾನಿ. ಎಲ್ಲರೂ ನಕ್ಕರು. ಅವಳು ಅಲ್ಲೇ ನಿಂತು ತನ್ನ ಮೇಲ್ ಅಳಿಸಿ ಅವರದನ್ನು ಹಾಕಿದಳು. ಕೊನೆಯ ಟಿಕ್ಕನ್ನೂ ಹಾಕಿ, ಹಾಕಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದಳು.

ಕೆಫೆಯಲ್ಲಿ ಸಿಂಗಾಪುರಕ್ಕೆ ಬರೆಯಲು ಕೂತಾಗ ಕಾರಣ ಏನೆಂದು ಬರೆಯುವುದು ತಿಳಿಯಲಿಲ್ಲ. ಮೇಲ್ ಹಾಕುವ ಕೆಲಸಕ್ಕೆ ಅರ್ಜಿ ಹಾಕಿದವಳು, ತನ್ನ ಮೇಲನ್ನೇ ಇನ್ನೊಬ್ಬರ ಫೋನಿನಲ್ಲಿ ಬಿಟ್ಟೆ, ವಾಪಸ್ ಕೇಳಲು ನಾಲಿಗೆ ಏಳಲಿಲ್ಲ ಎಂದು ಬರೆದರೆ ಯಾರು ತೆಗೆದುಕೊಳ್ಳುತ್ತಾರೆ? ನಿಜ ಬರೆದು ಅಳಿಸಿದಳು. ಮಗುವಿಗೆ ಕಾಯಿಲೆಯಿತ್ತು ಎಂದು ಬರೆದು ಕಳಿಸಿದಳು. ಆಮೇಲೆ, ಮಗುವಿನ ಕಾಯಿಲೆಯ ಮೇಲೆ ತಪ್ಪು ಹೊರಿಸಿದೆನಲ್ಲ, ಅದು ಮತ್ತೆ ಬಂದೀತೇ ಎಂದು ದಾರಿಯುದ್ದಕ್ಕೂ ಹೆದರಿದಳು.

ಜವಾಬು ಮರುದಿನವೇ ಬಂತು. ಈ ಸಲ ನೇರವಾಗಿ, ಅವಳ ಪೆಟ್ಟಿಗೆಗೇ. ಜಾಗ ತುಂಬಿದೆ. ಇದ್ದದ್ದು ಒಂದೇ ಸಾಲು.

ಎರಡು ವಾರ ಬಿಟ್ಟು ಪಾಕ್ ಮುರ್ಸೋದೋ ಮತ್ತೆ ಅಂಗಡಿಗೆ ಬಂದರು. ಸಿಟ್ಟಾಗಿರಲಿಲ್ಲ, ದೊಡ್ಡವರು ಸಿಟ್ಟಾಗುವುದಿಲ್ಲ. ಧ್ವನಿ ಮಾತ್ರ ತಣ್ಣಗಿತ್ತು.

"ಏನು ಮಾಡಿಟ್ಟೆ, ಮಗಳೇ? ನೀನು ನೋಡಿ ಹೋದ ದಿನದಿಂದ ಒಂದು ಕಾಗದ ಇಲ್ಲ. ಮೀಟಿಂಗಲ್ಲಿ ಒತ್ತಿ ಒತ್ತಿ ಬೆರಳು ಸವೆಯಿತು. ಮೊದಲು ದಿನಾ ಬರ್ತಿತ್ತು. ನಿಮ್ಮಪ್ಪನಿಗೂ ಹೇಳಿದ್ದೀನಿ."

ಅಪ್ಪನಿಗೂ ಹೇಳಿದ್ದಾರೆ. ಅವಳು ಫೋನು ತೆಗೆದುಕೊಂಡಳು. ಅವರ ಪೆಟ್ಟಿಗೆ ಸರಿಯಾಗಿಯೇ ಇತ್ತು. ಅವರಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ, ಅಷ್ಟೇ.

ಕೋ ಲಿಯೊಂಗ್ ಕೌಂಟರಿನ ಆಚೆ ತುದಿಯಿಂದ ನೋಡುತ್ತಿದ್ದ.

ವುರ್ಯಾನಿ ಅವರ ಮೇಲ್ ಅಳಿಸಿ ತನ್ನದನ್ನು ಹಾಕಿದಳು. ಕೊನೆಯ ಟಿಕ್‌ಗೆ ಬಂದಾಗ ಕೈ ತಾನಾಗಿಯೇ ಮುಂದೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಪ್ರತಿ ಉಳಿಸಿಕೊಂಡು ಕಾಯುವಂಥದ್ದು ಇನ್ನೇನಿತ್ತು? ಡಯಲ್ ಮಾಡಿದಳು. ಒಂದು ನಿಮಿಷ. ಟಿಣ್. ಅಗ್ಗದ ವಿಮಾನ ಟಿಕೆಟ್ಟು.

"ಬಂತು!" ಎಂದರು ಪಾಕ್ ಮುರ್ಸೋದೋ. "ನೋಡು, ಮನಸ್ಸಿಟ್ಟು ಮಾಡಿದರೆ ಎಲ್ಲ ಆಗುತ್ತೆ."

"ಇಂಗ್ಗಿಹ್, ಪಾಕ್."