ಎರಡನೇ ಸಲ ಸೋರಿದ ಎಡಗಡೆ ಫೋರ್ಕ್

ಕೊರೊನಾ ಕಾಲದಲ್ಲಿ ರಾಣೆಬೆನ್ನೂರಿನ ಸರ್ವಿಸ್ ಸೆಂಟರ್ ಬಾಗಿಲು ಹಾಕಿತು. ಅಲ್ಲಿ ಮೆಕ್ಯಾನಿಕ್ ಆಗಿದ್ದ ನಾನು ಬ್ಯಾಡಗಿಯ ನಮ್ಮ ಮನೆಯ ಅಂಗಳದಲ್ಲೇ ಮೋಟರ್ ಸೈಕಲ್ ರಿಪೇರಿ ಶುರು ಮಾಡಿದೆ. ಮರುವರ್ಷದ ಮೆಣಸಿನಕಾಯಿ ಸುಗ್ಗಿಯಲ್ಲಿ ಹುಸೇನ್ ಚಾಚಾ ತಮ್ಮ ನೂರು ಸಿಸಿ ಗಾಡಿ ತಂದರು. ಕೆಲಸವೇನೋ ಚಿಕ್ಕದು, ಫೋರ್ಕಿನ ಆಯಿಲ್ ಸೀಲ್ ಬದಲಿಸುವುದು.

ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕೊಳವೆಗಳ ಜೋಡಿಯನ್ನು ನಾವು ಫೋರ್ಕ್ ಎನ್ನುತ್ತೇವೆ, ಜನ ಶಾಕಪ್ ಎನ್ನುತ್ತಾರೆ. ಎಣ್ಣೆ ತುಂಬಿದ ಹೊರಕೊಳವೆಯೊಳಗೆ ನುಣುಪಾದ ಉಕ್ಕಿನ ಒಳಕೊಳವೆ ಏರಿಳಿಯುತ್ತದೆ. ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆಯೇ ಸೀಲ್. ಅದು ಸವೆದರೆ ಎಣ್ಣೆ ಜಿನುಗಿ ಕೆಳಗಿಳಿದು ಬ್ರೇಕಿನವರೆಗೂ ಹೋಗಬಹುದು.

ಚಾಚಾ ಪೇಟೆಯ ದಲಾಲಿ ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುತ್ತಿದ್ದರು. ಅರವತ್ತು ದಾಟಿದ್ದರೂ ಹಾವೇರಿ, ರಾಣೆಬೆನ್ನೂರು, ಮೇಡ್ಲೇರಿ ಎಂದು ದಿನವೂ ತಿರುಗಾಟ. ತೂಕದ ಕಲ್ಲುಗಳ ಭಾರದ ಚೀಲ ಟ್ಯಾಂಕಿನ ಮೇಲೇ ಇರುತ್ತಿತ್ತು. ಸೀಲುಗಳು ಹಳೆಯವು, ಮೇಲೆ ಆ ಭಾರ, ಸೋರದೆ ಏನು ಮಾಡೀತು? ಒಳಕೊಳವೆಗಳನ್ನು ಗಾಜಿನ ಮೇಲೆ ಉರುಳಿಸಿ ನೋಡಿದೆ. ನೆಟ್ಟಗಿದ್ದವು. ಹೊಸ ಸೀಲು ಕೂರಿಸಿ ಕಳಿಸಿದೆ.

ಎರಡು ವಾರವಾಗಿರಲಿಲ್ಲ, ಗಾಡಿ ಮತ್ತೆ ಬಂತು. ಎಡಗಡೆಯದು ಸೋರುತ್ತಿತ್ತು.

"ರೇಣವ್ವ, ನೀ ಹಾಕಿದ ಸೀಲು ಬರೋಬ್ಬರಿ ಕುಂತಿಲ್ಲ ನೋಡು. ಲಗೂ ಮಾಡಿಕೊಡು, ಮಧ್ಯಾಹ್ನಕ್ಕ ನಾ ರಾಣೆಬೆನ್ನೂರ ಮುಟ್ಟಬೇಕು," ಎಂದರು.

ಆ ಮಾತು ಚುಚ್ಚಿತು. ಚಕ್ರ ಕಳಚಿದೆ, ಎಡಗಡೆಯ ಫೋರ್ಕ್ ಇಳಿಸಿ ಎಣ್ಣೆ ಬಸಿದೆ. ಕುಂದ್ರಿ ಎಂದರೂ ಚಾಚಾ ಕೂರಲಿಲ್ಲ. ಅಂಗಳದಲ್ಲಿ ಹಿಂದೆ ಮುಂದೆ ಓಡಾಡುತ್ತ, ಆತೇನು, ಆತೇನು ಎಂದು ಕೇಳುತ್ತಲೇ ಇದ್ದರು. ಅವರ ಚಡಪಡಿಕೆ ನನ್ನ ಕೈಗೂ ಹತ್ತಿತು. ಕೊಳವೆಯನ್ನು ಗಾಜಿನ ಮೇಲಿಟ್ಟು ಉರುಳಿಸಿದೆ. ಅದು ಕುಂಟುತ್ತ ಉರುಳಿತು, ಅಡಿಯಲ್ಲಿ ಬೆಳಕು ಕಂಡಿತು. ಕೊಳವೆ ಬಾಗಿತ್ತು. ಬಾಗಿದ ಕೊಳವೆಗೆ ಎಷ್ಟು ಸೀಲು ಹಾಕಿದರೂ ನಿಲ್ಲುವುದಿಲ್ಲ.

"ಚಾಚಾ, ಗಾಡಿ ಎಲ್ಲೆರ ಬಿದ್ದಿತ್ತೇನ್ರಿ?"

"ಇಲ್ಲವಾ."

"ಏನಕ್ಕರ ಬಡೀತೇನು?"

"ಬಡದಿಲ್ಲ ಅಂದ್ನೆಲ್ಲ. ನೀ ಸೀಲು ಹಾಕು."

ಮಡ್ಗಾರ್ಡಿನ ಎಡಮಗ್ಗುಲಿಗೆ ಹೊಸ ಕರಿಬಣ್ಣ ಬಳಿದಿತ್ತು. ಎಡಗಡೆಯ ಇಂಡಿಕೇಟರೂ ಹೊಸದು. ಬಿದ್ದವರು ಮೆಕ್ಯಾನಿಕ್‌ಗೆ ಸುಳ್ಳು ಹೇಳುವುದು ಅಪರೂಪ, ರಸ್ತೆಯನ್ನೋ ನಾಯಿಯನ್ನೋ ಬೈಯುತ್ತಲೇ ಬರುತ್ತಾರೆ. ಇವರು ಯಾಕೆ ಮುಚ್ಚಿಡುತ್ತಾರೆ?

ಅಷ್ಟರಲ್ಲಿ ಅವ್ವ ಚಹಾ ತಂದು ಅವರ ಎಡಕ್ಕೆ ನಿಂತು ಲೋಟ ಚಾಚಿದಳು. ಚಾಚಾ ನೆಟ್ಟಗೆ ಮುಂದೆ ನೋಡುತ್ತಲೇ ಇದ್ದರು. "ಚಾ ತಗೋರಿ" ಎಂದಾಗ ಬೆಚ್ಚಿ ಇಡೀ ಕುತ್ತಿಗೆ ತಿರುಗಿಸಿದರು. ಚಾಚಿದ ಕೈ ಲೋಟಕ್ಕೆ ತಾಗಿ ಚಹಾ ಚೆಲ್ಲಿತು. ನಾನು ಸದ್ದಿಲ್ಲದೆ ಅವರ ಎಡಕ್ಕೆ ಹೋಗಿ ನಟ್ಟು ಬಿಚ್ಚುವ ಪಾನಾ ಎತ್ತಿ ಹಿಡಿದೆ.

"ಚಾಚಾ, ತಿರಗಬ್ಯಾಡ್ರಿ. ನನ್ನ ಕೈಯಾಗ ಏನೈತಿ?"

ಅವರು ಕಟ್ಟೆಯ ಮೇಲೆ ಕುಸಿದು ಕೂತರು.

"ಎಡಗಣ್ಣಿಗೆ ಕರೀ ಪರದೆ ಇಳದಂಗ ಆಗೇತಿ. ಮೊದಲ ಮೂಲ್ಯಾಗ ಸಣ್ಣದಿತ್ತು, ಈಗ ದೊಡ್ಡದಾಗಾಕತ್ತೈತಿ. ನಿಂತ ಟ್ರ್ಯಾಕ್ಟರ್ ಟ್ರೇಲರ್ ಕಾಣಲೇ ಇಲ್ಲ, ಹೋಗಿ ಬಡದೆ."

"ಮನ್ಯಾಗ ಹೇಳೀರೇನು?"

"ಯಾರಿಗೂ ಹೇಳಿಲ್ಲ. ತೂಕ ನೋಡಾವನ ಕಣ್ಣು ಹೋಗೇತಿ ಅಂದ್ರ ಪ್ಯಾಟ್ಯಾಗ ಯಾರು ಕರೀತಾರ? ಈ ಸುಗ್ಗಿ ಒಂದು ಮುಗೀಲಿ. ನೀನೂ ಹೇಳಬ್ಯಾಡ."

ಗಿರಾಕಿ ಹೇಳಿದ ಕೆಲಸ ಮಾಡುವುದು, ಉಳಿದದ್ದಕ್ಕೆ ಬಾಯಿ ಹಾಕದಿರುವುದು ನಮ್ಮ ಕಸುಬಿನ ರೂಢಿ. ಆದರೆ ನಾನು ನೆಟ್ಟಗೆ ಮಾಡಿಕೊಟ್ಟ ಗಾಡಿ ಏರಿ ಈ ಮನುಷ್ಯ ಹೆದ್ದಾರಿಗೆ ಹೋಗುವುದನ್ನು ನೆನೆದರೆ ಪಾನಾ ಹಿಡಿಯಲು ಕೈ ಬರಲಿಲ್ಲ.

"ಗಾಡಿ ನಿಮ್ದ ಐತ್ರಿ. ಆದ್ರ ಜೋಡಸಾಕ ನನಗ ಮನಸ್ಸು ಬರವಲ್ದು," ಎಂದೆ. ಅವರ ಎದುರಿಗೇ ಅವರ ಹೆಂಡತಿ ಚಾಚಿಗೆ ಫೋನ್ ಮಾಡಿದೆ. ಚಾಚಾ ಸಿಟ್ಟಿನಿಂದ ಮುಖ ತಿರುಗಿಸಿದರು.

ಚಾಚಿ ಫೋನಿನಲ್ಲೇ ಬೈದು ಒಪ್ಪಿಸಿದ ಮೇಲೆ ಅವರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಾವೇರಿಯ ಕಣ್ಣಿನ ಆಸ್ಪತ್ರೆಗೆ ಹೊರಟೆ. ಬೇಗ ಮುಟ್ಟಬೇಕೆಂಬ ಅವಸರ ಒಂದು ಕಡೆ, ಗುಂಡಿಯಲ್ಲಿ ಕುಲುಕಿದರೆ ಆ ಕಣ್ಣಿಗೆ ಏನಾದೀತೋ ಎಂಬ ಭಯ ಇನ್ನೊಂದು ಕಡೆ. ಕಣ್ಣಿನ ಹಿಂಭಾಗದ ತೆಳುಪದರ ಕಳಚುತ್ತಿದೆ, ತಡ ಮಾಡಿದರೆ ಕಣ್ಣು ಪೂರ್ತಿ ಹೋಗುತ್ತದೆ ಎಂದು ವೈದ್ಯೆ ಅದೇ ದಿನ ಹುಬ್ಬಳ್ಳಿಗೆ ಕಳಿಸಿದರು. ಚಾಚಿ ಬಂದು ಕೂಡಿಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ನೋಟ ಅರ್ಧ ಉಳಿಯಿತು, ಎಡಮಗ್ಗುಲಿನದು ಮರಳಲಿಲ್ಲ.

ನಾನು ಹೊಸ ಕೊಳವೆ ತರಿಸಿ, ಪಿವಿಸಿ ಪೈಪಿನ ತುಂಡಿನಿಂದ ಸೀಲನ್ನು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿ, ಎಣ್ಣೆ ತುಂಬಿ ಗಾಡಿ ಸಿದ್ಧ ಮಾಡಿದೆ. ಯಾರೂ ಒಯ್ಯಲು ಬರಲಿಲ್ಲ. ಕೇಳಿದ್ದಕ್ಕೆ ಚಾಚಿ, "ನಿಮ್ಮ ಅಂಗಳದಾಗ ಇರ್ಲಿ ತಂಗಿ. ಮನಿ ಮುಂದ ಕಂಡ್ರ ಹತ್ತಿಬಿಡತಾರ," ಎಂದರು. ಚಾಚಾ ಪೇಟೆಯಲ್ಲಿ ಎದುರಾದರೆ ಮಾತಾಡಿಸದೆ ದಾಟಿ ಹೋಗುತ್ತಿದ್ದರು. ಎರಡು ಅಂಗಡಿಯವರು ತೂಕದ ಯಂತ್ರದ ಕೆಲಸಕ್ಕೆ ಬೇರೆಯವರನ್ನು ಗೊತ್ತು ಮಾಡಿಕೊಂಡರೆಂದೂ ಕೇಳಿದೆ. ತಾಡಪಾಲಿನ ಕೆಳಗಿದ್ದ ಆ ಗಾಡಿ ಕಣ್ಣಿಗೆ ಬಿದ್ದಾಗಲೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಅವರ ಅನ್ನಕ್ಕೆ ಕಲ್ಲು ಹಾಕಿದೆನೇ ಎಂದು ಅವ್ವನನ್ನು ಎಷ್ಟೋ ಸಲ ಕೇಳಿದ್ದೇನೆ.

ಮಳೆಗಾಲ ಮುಗಿದ ಮೇಲೆ ಚಾಚಾ ತಾವೇ ನಡೆದು ಬಂದರು. ತಾಡಪಾಲು ಸರಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ನಾಲ್ಕಾರು ಸಲ ಒತ್ತಿದರು. ಬಗ್ಗಿ ಎಡಗಡೆಯ ಫೋರ್ಕಿಗೆ ಬೆರಳು ಒರೆಸಿ, ಬೆರಳನ್ನು ಬಲಗಣ್ಣಿನ ಹತ್ತಿರ ತಂದು ನೋಡಿದರು. ಒಣಗಿತ್ತು.

"ಚಲೋ ಕುಂತೈತಿ," ಎಂದರು. ತಾಡಪಾಲು ಮಡಚಿಟ್ಟು, "ಮಾರಿಬಿಡು ಯವ್ವ. ತಗೊಳ್ಳಾವಗ ಸೀಲು ಹೊಸಾವು ಅಂತ ಹೇಳು," ಎಂದು ಗಾಡಿಯ ಕೀಲಿ ಕಟ್ಟೆಯ ಮೇಲಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಆಮೇಲೆ ನನ್ನ ಕೆಲಸದ ಕ್ರಮ ಬದಲಾಯಿತು. ಒಮ್ಮೆ ಸರಿ ಮಾಡಿದ ಗಾಡಿ ಅದೇ ದೂರಿನೊಂದಿಗೆ ಮತ್ತೆ ಬಂದರೆ, ಪಾನಾ ಎತ್ತುವ ಮೊದಲು ಅದನ್ನು ತಂದವರನ್ನು ಕೂರಿಸಿ ಮಾತಾಡಿಸುತ್ತೇನೆ. ಹೆಚ್ಚಿನ ಸಲ ಏನೂ ಇರುವುದಿಲ್ಲ. ಆಗ ಗಾಡಿ ಕೊಟ್ಟು ಕಳಿಸುತ್ತೇನೆ, ಆದರೆ ಅದು ಓಣಿಯ ತಿರುವು ದಾಟುವವರೆಗೆ ಒಳಗೆ ಹೋಗುವುದಿಲ್ಲ.